ಕೂಲರ್ ತೊಟ್ಟಿಗೆ ಫೈಬರ್ ಅಸ್ತರ: ರೆಸಿನ್ ಸರಿಯಾಗಿ ಗಟ್ಟಿಯಾಗಬೇಕಾದರೆ

ಶಿವರಾತ್ರಿ ದಾಟಿತೆಂದರೆ ಕಲಬುರಗಿಯ ಮನೆಗಳಲ್ಲಿ ಮೆಟ್ಟಿಲ ಕೆಳಗೆ, ಮಾಳಿಗೆಯ ಮೂಲೆಯಲ್ಲಿ ಬಿದ್ದಿದ್ದ ಪತ್ರಾ ಕೂಲರ್‌ಗಳು ಹೊರಗೆ ಬರುತ್ತವೆ. ಹುಲ್ಲು ಬದಲಾಯಿಸಿ ನೀರು ತುಂಬಿದಾಗ ಗೊತ್ತಾಗುತ್ತದೆ, ತಳ ತೂತಾಗಿದೆ. ಬೋರ್‌ವೆಲ್‌ನ ಗಡಸು ನೀರು, ವರ್ಷದ ಮುಕ್ಕಾಲು ಪಾಲು ತಳದಲ್ಲೇ ಕೂತಿದ್ದ ಉಪ್ಪಿನ ಕೆಸರು ತಗಡನ್ನು ತಿಂದಿರುತ್ತವೆ. ಡಾಂಬರ್ ಬಳಿಯುವುದು, ಎಂ-ಸೀಲ್ ಮೆತ್ತುವುದು ಒಂದು ಬೇಸಿಗೆಯ ಮಾತು. ಒಳಗೆ ಎರಡು ಪದರ ಫೈಬರ್ ಅಸ್ತರ ಕೊಟ್ಟರೆ, ಮುಂದೆ ತಗಡು ಇನ್ನಷ್ಟು ಸವೆದರೂ ನೀರು ಹಿಡಿಯುವುದು ಆ ಅಸ್ತರವೇ.

ಗಾಜಿನ ನಾರಿನ ಚಾಪೆ ಹಾಸುವುದು, ಬ್ರಷ್ ಆಡಿಸುವುದು ಒಂದು ದಿನದಲ್ಲಿ ಕೈಗೆ ಬರುತ್ತದೆ. ಕಾಡುವುದು ಆ ಚಾಪೆಯನ್ನು ನೆನೆಸಿ ಗಟ್ಟಿಯಾಗುವ ದ್ರವ, ಅಂದರೆ ರೆಸಿನ್. ದೂರುಗಳು ಎರಡೇ: ‘ಡಬ್ಬಿಯಲ್ಲೇ ಕಲ್ಲಾಯಿತು’ ಅಥವಾ ‘ನಾಲ್ಕು ದಿನವಾದರೂ ಅಂಟಂಟಾಗಿಯೇ ಇದೆ’. ನಮ್ಮ ಕಡೆ ಮೊದಲನೆಯ ದೂರೇ ಎರಡನೆಯದಕ್ಕೆ ತಾಯಿ. ಏಪ್ರಿಲ್ ಬಿಸಿಲಲ್ಲಿ ಒಮ್ಮೆ ಡಬ್ಬಿ ಹೊಗೆಯಾಡಿದ್ದನ್ನು ಕಂಡವರು ಮುಂದಿನ ಸಲ ಹಾರ್ಡನರ್ (ರೆಸಿನ್ ಗಟ್ಟಿಯಾಗಲು ಬೆರೆಸುವ ದ್ರವ) ಅರ್ಧಕ್ಕಿಳಿಸುತ್ತಾರೆ. ಆಗ ರೆಸಿನ್ ಗಟ್ಟಿಯಾದಂತೆ ಕಾಣುತ್ತದೆಯೇ ಹೊರತು ಪೂರ್ತಿ ಗಟ್ಟಿಯಾಗುವುದೇ ಇಲ್ಲ. ಬಿಸಿಲಿಗೆ ಮದ್ದು ಹಾರ್ಡನರ್ ಅಳತೆ ಮೀರಿ ಇಳಿಸುವುದಲ್ಲ. ವೇಗ ಏರಿಸುವ ಕೋಬಾಲ್ಟ್ ಇಳಿಸಬೇಕು, ಕಲೆಸುವ ಪ್ರಮಾಣ ಇಳಿಸಬೇಕು, ಕೆಲಸದ ಹೊತ್ತು ಬದಲಿಸಬೇಕು.

ಇದು ಒಣಗುವ ವಸ್ತು ಅಲ್ಲ

ಬಣ್ಣದಲ್ಲಿನ ತಿನ್ನರ್ ಆವಿಯಾಗಿ ಬಣ್ಣ ಒಣಗುತ್ತದೆ. ಪಾಲಿಯೆಸ್ಟರ್ ರೆಸಿನ್ ಹಾಗಲ್ಲ. ಅದರಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಸ್ಟೈರೀನ್ ಎಂಬ ದ್ರವ ಇರುತ್ತದೆ. ಆ ಸ್ಟೈರೀನ್ ಹೋಗಬಾರದು, ಒಳಗೇ ಉಳಿದು ರೆಸಿನ್ನಿನ ಸರಪಳಿಗಳನ್ನು ಒಂದಕ್ಕೊಂದು ಕಟ್ಟಿಹಾಕಬೇಕು. ಆದ್ದರಿಂದ ‘ಬೇಗ ಒಣಗಲಿ’ ಎಂದು ಹಸಿ ಪದರಕ್ಕೆ ಫ್ಯಾನ್ ಹಚ್ಚುವುದು, ಬಿಸಿಲಿಗಿಡುವುದು ಎರಡೂ ತಪ್ಪು. ಸ್ಟೈರೀನ್ ಹಾರಿಹೋದ ಪದರ ಆಮೇಲೆ ಎಷ್ಟು ಹಾರ್ಡನರ್ ಇದ್ದರೂ ಬಲಿಯುವುದಿಲ್ಲ.

ಕಟ್ಟುವ ಕೆಲಸ ಶುರುಮಾಡುವುದು ಎಂಇಕೆಪಿ ಎಂಬ ಪೆರಾಕ್ಸೈಡ್. ಅಂಗಡಿಯಲ್ಲಿ ಹಾರ್ಡನರ್, ಕ್ಯಾಟಲಿಸ್ಟ್ ಎಂದರೆ ಇದೇ, ನೀರಿನಂತೆ ತಿಳಿ. ಇದನ್ನು ಸಾಮಾನ್ಯ ತಾಪದಲ್ಲೇ ಒಡೆದು ಕೆಲಸಕ್ಕೆ ಹಚ್ಚುವುದು ಕೋಬಾಲ್ಟ್, ಅಂದರೆ ಆಕ್ಸಿಲರೇಟರ್, ನೇರಳೆ ಬಣ್ಣದ್ದು. ಇವೆರಡನ್ನು ನೇರವಾಗಿ ಒಂದಕ್ಕೊಂದು ಎಂದೂ ಬೆರೆಸಬಾರದು. ಒಂದೇ ಸಿರಿಂಜ್, ಒಂದೇ ಮುಚ್ಚಳ ಕೂಡ ಬಳಸಬಾರದು. ಕೂಡಿದ ಕ್ಷಣವೇ ಬೆಂಕಿ ಹೊತ್ತಬಹುದು, ಸಿಡಿಯಬಹುದು. ಮೊದಲು ಕೋಬಾಲ್ಟನ್ನು ರೆಸಿನ್ನಿಗೆ ಹಾಕಿ ಪೂರ್ತಿ ಕಲೆಸಿ, ಆಮೇಲಷ್ಟೇ ಎಂಇಕೆಪಿ.

ಅಂಗಡಿಯಲ್ಲಿ ಕೇಳಬೇಕಾದದ್ದು

‘ಫೈಬರ್ ರೆಸಿನ್ ಕೊಡಿ’ ಎಂದಷ್ಟೇ ಹೇಳಿದರೆ ಜಿಪಿ, ಅಂದರೆ ಸಾಮಾನ್ಯ ಬಳಕೆಯ ರೆಸಿನ್ ಕೊಡುತ್ತಾರೆ. ಕೂಲರ್‌ಗೆ ಅದು ಸಾಕು. ನೀರು ಸದಾ ನಿಲ್ಲುವ ಜಾಗಕ್ಕೆ ಐಸೋ ರೆಸಿನ್ ಇನ್ನೂ ಒಳ್ಳೆಯದು, ಬೆಲೆಯೂ ಹೆಚ್ಚು. ಕುಡಿಯುವ ನೀರಿನ ತೊಟ್ಟಿಗೆ ಈ ಲೇಖನದ ವಿಧಾನ ಬಳಸಬೇಡಿ. ಅದಕ್ಕೆ ಆಹಾರ ದರ್ಜೆಯ ರೆಸಿನ್ ಬೇಕು, ಬಿಸಿ ಕೊಟ್ಟು ಪೂರ್ತಿ ಬಲಿಸಬೇಕು. ಮಾಳಿಗೆಯ ಮೇಲಿನ ಕರಿ ಪ್ಲಾಸ್ಟಿಕ್ ಟ್ಯಾಂಕಿಗೂ ಬೇಡ. ಪಾಲಿಥೀನ್‌ಗೆ ಈ ರೆಸಿನ್ ಹಿಡಿಯುವುದಿಲ್ಲ, ಹಪ್ಪಳದಂತೆ ಎದ್ದು ಬರುತ್ತದೆ.

ಕೊಳ್ಳುವಾಗ ಎರಡು ಪ್ರಶ್ನೆ ಕೇಳಿ. ರೆಸಿನ್ನಿಗೆ ಕೋಬಾಲ್ಟ್ ಆಗಲೇ ಹಾಕಿದ್ದಾರೆಯೇ? ಹಾಕಿದ್ದರೆ ಸಾಮಾನ್ಯವಾಗಿ ಗುಲಾಬಿ ಅಥವಾ ನೇರಳೆ ಛಾಯೆ ಇರುತ್ತದೆ, ನೀವು ಮತ್ತೆ ಹಾಕಬಾರದು. ಬೇರೆ ಕೊಡುವುದಾದರೆ ಅದರ ಬಲ ಎಷ್ಟು? ಶೇ 1ರ ಕೋಬಾಲ್ಟ್ ಬೇರೆ, ಶೇ 6ರದು ಬೇರೆ. ಬಿಡಿ ಬಾಟಲಿಯಲ್ಲಿ ಹಾಕಿಕೊಡುವ ಕಡೆ ಚೀಟಿ ಇರುವುದಿಲ್ಲ, ಎಲ್ಲ ಗಡಿಬಿಡಿ ಅಲ್ಲಿಂದಲೇ ಆರಂಭ.

ಎಂಇಕೆಪಿ ಹಳೆಯದಾದರೆ ಬಲ ಕಳೆದುಕೊಳ್ಳುತ್ತದೆ. ತಯಾರಿಕೆಯ ತಿಂಗಳು ನೋಡಿ. ಅದನ್ನು ಮೇ ತಿಂಗಳಲ್ಲಿ ಸ್ಕೂಟರ್ ಡಿಕ್ಕಿಯಲ್ಲೋ, ನಿಲ್ಲಿಸಿದ ಕಾರಿನಲ್ಲೋ ಬಿಡಬೇಡಿ. 60 ಡಿಗ್ರಿಯ ಸುತ್ತಮುತ್ತ ಅದು ತಾನಾಗಿ ಒಡೆಯತೊಡಗುವ ಅಪಾಯವಿದೆ.

ಎಷ್ಟು ಬೇಕು? 60 ಸೆಂ.ಮೀ. ಉದ್ದ, 60 ಅಗಲ, 25 ಎತ್ತರದ ತೊಟ್ಟಿ ಎಂದುಕೊಳ್ಳಿ. ತಳ 0.36 ಚದರ ಮೀಟರ್, ನಾಲ್ಕು ಗೋಡೆ ಸೇರಿ 0.6. ಮೂಲೆಯಲ್ಲಿ ಚಾಪೆ ಒಂದರ ಮೇಲೊಂದು ಬರಬೇಕಾದ್ದರಿಂದ 1.15 ಚದರ ಮೀಟರ್ ಹಿಡಿಯಿರಿ. ಚದರ ಮೀಟರಿಗೆ 300 ಗ್ರಾಂ ತೂಗುವ ಚಾಪ್ಡ್ ಸ್ಟ್ರಾಂಡ್ ಮ್ಯಾಟ್, ಅಂದರೆ ಗಾಜಿನ ನಾರಿನ ಚಾಪೆ, ಎರಡು ಪದರಕ್ಕೆ ಸುಮಾರು 700 ಗ್ರಾಂ ಆಗುತ್ತದೆ. ಈ ಚಾಪೆ ತನ್ನ ತೂಕದ ಎರಡೂವರೆ ಪಟ್ಟು ರೆಸಿನ್ ಕುಡಿಯುತ್ತದೆ, ಅಂದರೆ 1.7 ಕೆ.ಜಿ. ಮೊದಲ ಬಳಿತ, ಮೂಲೆಯ ಪುಟ್ಟಿ, ಕೊನೆಯ ಕೋಟ್‌ಗೆ ಇನ್ನೊಂದು ಕೆ.ಜಿ. ಒಟ್ಟು 3 ಕೆ.ಜಿ. ರೆಸಿನ್, 100 ಮಿ.ಲೀ. ಎಂಇಕೆಪಿ ತಂದರೆ ಮತ್ತೆ ಅಂಗಡಿಗೆ ಓಡಬೇಕಿಲ್ಲ. ಜೊತೆಗೆ ವ್ಯಾಕ್ಸ್ ಸಲ್ಯೂಷನ್, ಅಸಿಟೋನ್ ಒಂದು ಲೀಟರ್, ಎರಡು ಇಂಚಿನ ಅಗ್ಗದ ಬ್ರಷ್ ನಾಲ್ಕು, ಗುಳ್ಳೆ ಒತ್ತುವ ಚಿಕ್ಕ ರೋಲರ್, 1 ಮತ್ತು 5 ಮಿ.ಲೀ. ಸಿರಿಂಜ್‌ಗಳು, ಗ್ರಾಂ ತೋರಿಸುವ ಸಣ್ಣ ತೂಕದ ಯಂತ್ರ. ರೆಸಿನ್ ಮುಟ್ಟಿದ ಯಂತ್ರವನ್ನು ಮತ್ತೆ ಅಡುಗೆಮನೆಗೆ ಒಯ್ಯಬೇಡಿ.

ಹಾರ್ಡನರ್ ಲೆಕ್ಕ

ಒಂದು ಮಿ.ಲೀ. ಎಂಇಕೆಪಿ ಸುಮಾರು 1.15 ಗ್ರಾಂ ತೂಗುತ್ತದೆ. ಆದ್ದರಿಂದ 300 ಗ್ರಾಂ ರೆಸಿನ್ನಿಗೆ ಶೇ 1 ಎಂದರೆ 2.6 ಮಿ.ಲೀ., ಶೇ 1.5 ಎಂದರೆ 3.9 ಮಿ.ಲೀ., ಶೇ 2 ಎಂದರೆ 5.2 ಮಿ.ಲೀ. ಮುಚ್ಚಳದ ಲೆಕ್ಕ, ಹನಿಯ ಲೆಕ್ಕ ಬಿಟ್ಟುಬಿಡಿ.

ಹವೆ 20ರಿಂದ 25 ಡಿಗ್ರಿ ಇದ್ದಾಗ ಶೇ 1.5ರಿಂದ 2. ಮೂವತ್ತರ ಆಸುಪಾಸಿನಲ್ಲಿ ಶೇ 1ರಿಂದ 1.25. ಮೂವತ್ತೈದು ದಾಟಿದರೆ ಶೇ 1, ಅಲ್ಲಿಂದ ಕೆಳಗಿಳಿಯಬೇಡಿ. ಶೇ 0.75ಕ್ಕಿಂತ ಕಡಿಮೆಯಾದರೆ ರೆಸಿನ್ ಜೆಲ್ ಆಗಬಹುದು, ಅಂದರೆ ಮೊಸರಿನಂತೆ ಹೆಪ್ಪುಗಟ್ಟಬಹುದು, ಬಲಿಯುವುದಿಲ್ಲ. ಮೇಲಿನ ಗಡಿಯೂ ಇದೆ: ಶೇ 2.5 ದಾಟಿಸಿದರೆ ಬಿಸಿ ಹೆಚ್ಚಿ ಸೀಳುತ್ತದೆ, ಬಣ್ಣ ಕಂದುತ್ತದೆ, ಉಳಿದ ಎಂಇಕೆಪಿ ಒಳಗೇ ಕೂತು ಪದರವನ್ನು ಮೆತ್ತಗೂ ಮಾಡುತ್ತದೆ. ಹೆಚ್ಚು ಹಾಕಿದರೆ ಹೆಚ್ಚು ಗಟ್ಟಿ ಎಂಬುದು ಸುಳ್ಳು.

ವೇಗ ಹೊಂದಿಸಲು ಇರುವುದು ಕೋಬಾಲ್ಟ್. ಶೇ 1ರ ಬಲದ ಕೋಬಾಲ್ಟ್ ಆದರೆ ರೆಸಿನ್ ತೂಕದ ಶೇ 1ರಿಂದ 1.5, ಶೇ 6ರ ಬಲದ್ದಾದರೆ ಶೇ 0.2ರಿಂದ 0.3. ಕಡು ಬೇಸಿಗೆಯಲ್ಲಿ ಇದನ್ನು ಅರ್ಧ ಮಾಡಿ. ಕೋಬಾಲ್ಟ್ ಮೊದಲೇ ಹಾಕಿದ ರೆಸಿನ್ನಾದರೆ ಈ ಅನುಕೂಲ ಇಲ್ಲ. ಆಗ ಹೊತ್ತು ನೋಡಿ ಕೆಲಸ ಮಾಡಬೇಕು, 150–200 ಗ್ರಾಂ ಮಾತ್ರ ಕಲೆಸಬೇಕು.

ತಾಪ 10 ಡಿಗ್ರಿ ಏರಿದರೆ ಜೆಲ್ ಆಗುವ ಸಮಯ ಸುಮಾರು ಅರ್ಧಕ್ಕಿಳಿಯುತ್ತದೆ. ಬೆಳಗಿನ 28 ಡಿಗ್ರಿಯಲ್ಲಿ ಇಪ್ಪತ್ತು ನಿಮಿಷ ಸಿಕ್ಕ ರೆಸಿನ್ ಮಧ್ಯಾಹ್ನದ 40ರಲ್ಲಿ ಹತ್ತು ನಿಮಿಷವೂ ಕೊಡದು. ಫರಸಿ ಹಾಸಿದ ಅಂಗಳದಲ್ಲಿ ಬಿಸಿಲಿಗೆ ಬಿದ್ದಿದ್ದ ರೆಸಿನ್ ಡಬ್ಬಿಯ ತಾಪ ಅದಕ್ಕೂ ಮೇಲೆ ಇರುತ್ತದೆ. ಹಿಂದಿನ ರಾತ್ರಿಯೇ ಡಬ್ಬಿ, ತೊಟ್ಟಿ ಎರಡನ್ನೂ ನೆರಳಿಗೆ ತನ್ನಿ. ಮಾರ್ಚ್‌ನಿಂದ ಮೇವರೆಗೆ ಬೆಳಗಿನ ಆರರಿಂದ ಒಂಬತ್ತು ಗಂಟೆಯೊಳಗೆ ಕೆಲಸ ಮುಗಿಯಬೇಕು. ಬೀದರ್‌ನ ಡಿಸೆಂಬರ್, ಜನವರಿಯಲ್ಲಿ ಇದು ತಲೆಕೆಳಗು: ಬೆಳಗಿನ ಚಳಿ 15 ಡಿಗ್ರಿಗಿಂತ ಕೆಳಗಿಳಿಯುವುದುಂಟು, ಆ ತಾಪದಲ್ಲಿ ಪಾಲಿಯೆಸ್ಟರ್ ನಿದ್ದೆ ಹೋಗುತ್ತದೆ. ಹನ್ನೊಂದಕ್ಕೆ ಶುರು ಮಾಡಿ, ಸಂಜೆಯ ಥಂಡಿ ಇಳಿಯುವಷ್ಟರಲ್ಲಿ ಪದರ ಗಟ್ಟಿಯಾಗಿರಬೇಕು.

ಚಾಪೆ ಕತ್ತರಿಸುವ ಮೊದಲು ಪರೀಕ್ಷೆಯ ಕಪ್ ಮಾಡಲೇಬೇಕು. ಕಾಗದದ ಕಪ್‌ನಲ್ಲಿ 50 ಗ್ರಾಂ ರೆಸಿನ್ ತೆಗೆದುಕೊಂಡು, ನಿಮ್ಮ ಲೆಕ್ಕದ ಕೋಬಾಲ್ಟ್ ಕಲೆಸಿ, 0.45 ಮಿ.ಲೀ. ಎಂಇಕೆಪಿ ಹಾಕಿ. ಇದು ಹೆಚ್ಚುಕಡಿಮೆ ಶೇ 1. ಗಡಿಯಾರ ನೋಡಿ. ಕಡ್ಡಿ ಎತ್ತಿದಾಗ ದಾರ ಬಿಡುವುದು ನಿಂತು ಮೊಸರಿನಂತೆ ಒಡೆದರೆ ಅದೇ ಜೆಲ್. ಹದಿನೈದರಿಂದ ಇಪ್ಪತ್ತೈದು ನಿಮಿಷ ಬಂದರೆ ಸರಿ. ಎಂಟು ನಿಮಿಷಕ್ಕೇ ಬಂದರೆ ಕೋಬಾಲ್ಟ್ ಇಳಿಸಿ. ಮುಕ್ಕಾಲು ಗಂಟೆಯಾದರೂ ಬರದಿದ್ದರೆ ಎಂಇಕೆಪಿ ಹಳೆಯದು, ಇಲ್ಲವೇ ಕೋಬಾಲ್ಟ್ ಬಿದ್ದಿಲ್ಲ. ಇದು ತೊಟ್ಟಿಯಲ್ಲಲ್ಲ, ಕಪ್‌ನಲ್ಲೇ ಗೊತ್ತಾಗಿದ್ದು ಒಳ್ಳೆಯದಾಯಿತು. ಪರೀಕ್ಷೆ ಮಾಡಿದ ಹೊತ್ತಿನಲ್ಲೇ ಮರುದಿನ ಕೆಲಸ ಮಾಡಿ. ಬೆಳಗಿನ ಪರೀಕ್ಷೆ ಮಧ್ಯಾಹ್ನಕ್ಕೆ ಸಲ್ಲದು.

ತಗಡಿನ ತಯಾರಿ

ಬೇರೆ ಕಡೆಯ ಮಾರ್ಗದರ್ಶಿಗಳಲ್ಲಿ ಸಿಗದ ಒಂದು ತೊಂದರೆ ನಮ್ಮ ಕೂಲರ್‌ಗಳಲ್ಲಿದೆ. ಅದು ಹಳೆಯ ಡಾಂಬರ್. ಸ್ಟೈರೀನ್ ಡಾಂಬರನ್ನು ಕರಗಿಸುತ್ತದೆ, ಕರಗಿದ ಡಾಂಬರ್ ರೆಸಿನ್ನಿನೊಳಗೆ ಸೇರಿ ಅದನ್ನು ಬಲಿಯಲು ಬಿಡುವುದಿಲ್ಲ. ಮೇಲಿನ ಪದರ ಗಟ್ಟಿ, ಕೆಳಗೆ ಕರಿ ಅಂಟು. ಆದ್ದರಿಂದ ಡಾಂಬರನ್ನು ಕೆತ್ತಿ ತೆಗೆಯಿರಿ, ಉಳಿದದ್ದನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ಎಣ್ಣೆ ಜಿಡ್ಡನ್ನು ಸೋಪಿನ ಪುಡಿಯಿಂದ ತೊಳೆಯಿರಿ. ಉಪ್ಪಿನ ಬಿಳಿ ಹೊಪ್ಪಳಿಕೆ, ತುಕ್ಕು, ಹಳೆ ಬಣ್ಣವನ್ನು ತಂತಿ ಬ್ರಷ್‌ನಿಂದಲೂ 80 ನಂಬರ್ ಪಾಲಿಶ್ ಪೇಪರ್‌ನಿಂದಲೂ ತಿಕ್ಕಿ. ಕನ್ನಡಿಯಂತೆ ಹೊಳೆಯಬೇಕಿಲ್ಲ, ಗೀರು ಬಿದ್ದು ಒರಟಾಗಿರಬೇಕು. ತೊಳೆದ ಮೇಲೆ ಒಂದು ಪೂರ್ತಿ ದಿನ ಬಿಸಿಲಿಗಿಡಿ. ಕೊನೆಗೆ ಅಸಿಟೋನ್‌ನಲ್ಲಿ ಒರೆಸಿ ಹತ್ತು ನಿಮಿಷ ಬಿಡಿ. ಅಸಿಟೋನ್ ಹಸಿ ಇರುವಾಗಲೇ ರೆಸಿನ್ ಬಳಿದರೆ, ಇಲ್ಲವೇ ರೆಸಿನ್ ತೆಳುವಾಗಲೆಂದು ಅಸಿಟೋನ್ ಬೆರೆಸಿದರೆ, ಅಲ್ಲೆಲ್ಲ ಮೆತ್ತಗೆ ಉಳಿಯುತ್ತದೆ.

ದೊಡ್ಡ ತೂತಿಗೆ ಹೊರಗಿನಿಂದ ಅಗಲ ಟೇಪ್ ಅಂಟಿಸಿ. ನೀರು ಬಿಡುವ ಕೊಳವೆಯ ಬಾಯಿಗೆ ಎಣ್ಣೆ ಸವರಿದ ಕಟ್ಟಿಗೆಯ ಬೆಣೆ ಹೊಡೆಯಿರಿ, ಎಣ್ಣೆ ತಗಡಿಗೆ ತಾಗದಿರಲಿ. ಗಾಜಿನ ಚಾಪೆ ಲಂಬ ಮೂಲೆಯಲ್ಲಿ ಕೂರುವುದಿಲ್ಲ, ಹಿಂದೆ ಗಾಳಿ ಉಳಿಯುತ್ತದೆ. ರೆಸಿನ್ನಿಗೆ ಟಾಲ್ಕ್ ಪುಡಿ ಕಲೆಸಿ ಚಪಾತಿ ಹಿಟ್ಟಿಗಿಂತ ತುಸು ಸಡಿಲ ಪುಟ್ಟಿ ಮಾಡಿ, ಮೂಲೆಗಳನ್ನು ಬೆರಳ ತುದಿಯಷ್ಟು ದುಂಡಗೆ ತುಂಬಿ. ಪುಟ್ಟಿಯಲ್ಲಿ ಹಾರ್ಡನರ್ ಲೆಕ್ಕ ರೆಸಿನ್ನಿನ ತೂಕದ ಮೇಲೆ, ಪುಡಿಯದ್ದಲ್ಲ. ಮಳೆಗಾಲದಲ್ಲಿ ಪುಡಿ, ಚಾಪೆ ಎರಡೂ ತೇವ ಹೀರಿರುತ್ತವೆ. ಒಂದು ಮಧ್ಯಾಹ್ನ ಬಿಸಿಲಿಗೆ ಹರವಿ, ಆರಿದ ಕೂಡಲೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ತೇವದ ಗಾಜು ಹಾಲಿನಂತೆ ಬಿಳಿಯಾಗಿಯೇ ಉಳಿಯುತ್ತದೆ, ಕೋಬಾಲ್ಟ್‌ನ ಕೆಲಸವನ್ನೂ ಕೆಡಿಸುತ್ತದೆ.

ಬೆಂಕಿ, ಕಣ್ಣು, ಉಸಿರು

ಸ್ಟೈರೀನ್‌ನ ಆವಿ ಸುಮಾರು 31 ಡಿಗ್ರಿಯಲ್ಲೇ ಕಿಡಿಗೆ ಹೊತ್ತಿಕೊಳ್ಳುವ ಸ್ಥಿತಿಗೆ ಬರುತ್ತದೆ. ಕಲಬುರಗಿ, ಯಾದಗಿರಿಯ ಬೇಸಿಗೆಯಲ್ಲಿ ಮನೆಯೊಳಗಿನ ತಾಪವೇ ಅದಕ್ಕಿಂತ ಮೇಲೆ. ಆದ್ದರಿಂದ ಕೆಲಸ ಹೊರಗೆ, ನೆರಳಲ್ಲಿ. ಒಲೆ, ಬೀಡಿ, ಊದುಬತ್ತಿ, ಗ್ರೈಂಡರ್ ಕಿಡಿ ಹತ್ತಿರ ಇರಬಾರದು. ಸಾದಾ ಮಾಸ್ಕ್ ಸ್ಟೈರೀನ್ ತಡೆಯುವುದಿಲ್ಲ, ಆವಿ ಹೀರುವ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು. ಎಂಇಕೆಪಿಯ ಒಂದು ಹನಿ ಕಣ್ಣು ಕಳೆಯಬಲ್ಲದು. ಸಿರಿಂಜ್ ಹಿಡಿಯುವ ಮೊದಲೇ ಕನ್ನಡಕ ಹಾಕಿ, ಪಕ್ಕದಲ್ಲಿ ಒಂದು ಕೊಡ ಸ್ವಚ್ಛ ನೀರು ಇಟ್ಟುಕೊಳ್ಳಿ. ಸಿಡಿದರೆ ಹದಿನೈದು ನಿಮಿಷ ತೊಳೆದು ನೇರ ಆಸ್ಪತ್ರೆಗೆ ಹೋಗಿ. ಕೈಗೆ ನೈಟ್ರೈಲ್ ಗ್ಲೌಸ್, ಗಾಜಿನ ತುರಿಕೆಗೆ ಉದ್ದ ತೋಳಿನ ಹಳೆ ಅಂಗಿ.

ಪದರ ಹಾಕುವುದು

1. ಚಾಪೆಯ ಎಲ್ಲ ತುಂಡುಗಳನ್ನು ಮೊದಲೇ ಕತ್ತರಿಸಿ ಜೋಡಿಸಿಡಿ. ಅಂಚುಗಳು 5 ಸೆಂ.ಮೀ. ಒಂದರ ಮೇಲೊಂದು ಬರಲಿ. ಹಾರ್ಡನರ್ ಬಿದ್ದ ಮೇಲೆ ಕತ್ತರಿ ಹುಡುಕಲು ಸಮಯ ಇರುವುದಿಲ್ಲ.

2. ಆ ದಿನಕ್ಕೆ ಬೇಕಾದ ರೆಸಿನ್ನಿಗೆಲ್ಲ ಕೋಬಾಲ್ಟ್ ಕಲೆಸಿಡಿ. ಅದರಿಂದ 300 ಗ್ರಾಂ ತೂಗಿ ತೆಗೆದು ಎಂಇಕೆಪಿ ಹಾಕಿ, ಒಂದೂವರೆ ನಿಮಿಷ ಕಲೆಸಿ. ಡಬ್ಬಿಯ ಗೋಡೆ, ತಳದ ಅಂಚು ಕೆರೆಯುತ್ತಾ ಕಲೆಸಬೇಕು. ಎಷ್ಟೋ ಕಡೆ ಅಲ್ಲಲ್ಲಿ ಮಾತ್ರ ಅಂಟು ಉಳಿಯಲು ಕಾರಣ ಈ ಅಂಚಿನ ರೆಸಿನ್. ಸರಿಯಾಗಿ ಬೆರೆತರೆ ಗುಲಾಬಿ ಛಾಯೆ ಹೋಗಿ ಹಸಿರು-ಕಂದಿಗೆ ತಿರುಗುತ್ತದೆ.

3. ಕಲೆಸಿದ್ದನ್ನು ಕೂಡಲೇ ಅಗಲ ತಟ್ಟೆಗೆ ಸುರುವಿ. ಆಳದ ಡಬ್ಬಿಯಲ್ಲಿ ಬಿಸಿ ಹೊರಹೋಗದೆ ಏರುತ್ತಲೇ ಹೋಗುತ್ತದೆ. ತಟ್ಟೆಯಲ್ಲಿ ಅದೇ ರೆಸಿನ್ ಐದಾರು ನಿಮಿಷ ಹೆಚ್ಚು ಬಾಳುತ್ತದೆ.

4. ತಗಡಿಗೆ ತೆಳುವಾಗಿ ಬಳಿದು, ಚಾಪೆ ಹಾಸಿ, ಮೇಲಿನಿಂದ ರೆಸಿನ್ ಕುಟ್ಟಿ ಇಳಿಸಿ. ಬ್ರಷ್ ಎಳೆದರೆ ಎಳೆಗಳು ಎದ್ದು ಬರುತ್ತವೆ. ಎರಡು ಮೂರು ನಿಮಿಷದಲ್ಲಿ ಚಾಪೆಯ ಅಂಟು ಕರಗಿ ಅದು ಮೆತ್ತಗಾಗಿ ಮೂಲೆಗೆ ಒಗ್ಗುತ್ತದೆ. ಆಗ ರೋಲರ್ ಆಡಿಸಿ ಗುಳ್ಳೆ ಹೊರದೂಡಿ. ಬಿಳಿ ಚುಕ್ಕೆ ಉಳಿಯಬಾರದು, ರೆಸಿನ್ ಕೆರೆಯಂತೆ ನಿಲ್ಲಲೂಬಾರದು. ಮೊದಲು ಗೋಡೆ, ಆಮೇಲೆ ತಳ.

5. ಜೆಲ್ ಶುರುವಾದ ಕೂಡಲೇ ಬ್ರಷ್ ತೆಗೆಯಿರಿ. ಉಳಿದ ರೆಸಿನ್ ಇರುವ ತಟ್ಟೆಯನ್ನು ಮರಳಿನ ಮೇಲೆ, ಬಯಲಲ್ಲಿ ಇಡಿ. ಕಾಗದದ ಕಸದ ಬುಟ್ಟಿಗೆ ಎಸೆದರೆ ಬೆಂಕಿ ಹತ್ತಬಹುದು.

6. ಮೊದಲ ಪದರ ಗಟ್ಟಿಯಾಗಿ ಬಿಸಿ ಇಳಿದ ಮೇಲೆ ಎರಡನೆಯದು. ಅದೇ ದಿನವಾದರೆ ಮೇಲ್ಮೈಯ ತುಸು ಅಂಟೇ ಹಿಡಿತ ಕೊಡುತ್ತದೆ, ತಿಕ್ಕಬೇಕಿಲ್ಲ. ಎರಡು ದಿನ ಕಳೆದಿದ್ದರೆ 80 ನಂಬರ್ ಪೇಪರ್ ಹಾಕಿ ಒರಟು ಮಾಡಿ.

ಕೊನೆಯ ಕೋಟ್, ಅಂಟಿನ ಮೂಲ ಕಾರಣ

ಎಲ್ಲ ಸರಿಯಾಗಿ ಮಾಡಿದವರ ತೊಟ್ಟಿಯೂ ಮರುದಿನ ಬೆರಳಿಗೆ ಅಂಟುತ್ತದೆ. ಇದು ಹಾರ್ಡನರ್ ದೋಷವಲ್ಲ. ಗಾಳಿಯ ಆಮ್ಲಜನಕ ಮೇಲ್ಮೈಯ ತೆಳು ಪೊರೆಯಲ್ಲಿ ಕಟ್ಟುವ ಕೆಲಸವನ್ನು ತಡೆಯುತ್ತದೆ. ಒಳಗೆಲ್ಲ ಬಲಿತಿರುತ್ತದೆ, ಮೇಲೆ ಮಾತ್ರ ಹಸಿ. ಮದ್ದು ಒಂದೇ, ಗಾಳಿ ತಾಗದಂತೆ ಮುಚ್ಚುವುದು.

ಅದಕ್ಕೇ ಕೊನೆಯ ಕೋಟ್‌ಗೆ ವ್ಯಾಕ್ಸ್ ಸಲ್ಯೂಷನ್, ಅಂದರೆ ಸ್ಟೈರೀನ್‌ನಲ್ಲಿ ಕರಗಿಸಿದ ಪ್ಯಾರಾಫಿನ್ ಮೇಣ. ಡಬ್ಬಿಯ ಮೇಲೆ ಬರೆದ ಪ್ರಮಾಣದಲ್ಲಿ ಹಾಕಿ. ರೆಸಿನ್ ಜೆಲ್ ಆಗುವಾಗ ಮೇಣ ತೇಲಿ ಬಂದು ಪೊರೆಯಾಗಿ ಮುಚ್ಚಿಕೊಳ್ಳುತ್ತದೆ. ಮನೆಯಲ್ಲೇ ಮೇಣದಬತ್ತಿ ತುರಿದು ಸ್ಟೈರೀನ್ ಬಿಸಿ ಮಾಡುವ ಸಾಹಸ ಬೇಡ.

ಇಲ್ಲೂ ನಮ್ಮ ಬಿಸಿಲು ಅಡ್ಡ ಬರುತ್ತದೆ. ತೀರ ಬಿಸಿ ಇದ್ದರೆ ಮೇಣ ರೆಸಿನ್ನಿನಲ್ಲೇ ಕರಗಿ ಉಳಿಯುತ್ತದೆ, ಮೇಲೆ ಬರುವುದಿಲ್ಲ. ಆದ್ದರಿಂದ ಕೊನೆಯ ಕೋಟ್ ಬೆಳಗಿನ ಜಾವದ ತಂಪಿನಲ್ಲಿ, ನೆರಳಲ್ಲಿ, ಗಾಳಿ ಬೀಸದ ಕಡೆ. ಚದರ ಮೀಟರಿಗೆ 400–500 ಗ್ರಾಂ ಬೀಳುವಷ್ಟು ದಪ್ಪ ಇರಲಿ. ಉಳಿತಾಯಕ್ಕೆಂದು ಪೇಂಟಿನಂತೆ ತೆಳುವಾಗಿ ಎಳೆದರೆ ಸ್ಟೈರೀನ್ ಹಾರಿ ಅಂಟು ಹಾಗೇ ಉಳಿಯುತ್ತದೆ. ಬಳಿದ ಮೇಲೆ ಮತ್ತೆ ಮತ್ತೆ ಬ್ರಷ್ ಆಡಿಸಬೇಡಿ, ಮೇಣದ ಪೊರೆ ಹರಿಯುತ್ತದೆ. ಚಿಕ್ಕ ತೇಪೆಯಾದರೆ ವ್ಯಾಕ್ಸ್ ಬೇಕಿಲ್ಲ: ಹಸಿ ರೆಸಿನ್ ಮೇಲೆ ಓಎಚ್‌ಪಿ ಹಾಳೆ (ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಒತ್ತಿ ಗಾಳಿ ಹೊರಡಿಸಿ, ಗಟ್ಟಿಯಾದ ಮೇಲೆ ಸುಲಿದುಬಿಡಿ. ಕೆಳಗೆ ಗಾಜಿನಂಥ ನುಣುಪು ಸಿಗುತ್ತದೆ.

ಬಲಿತಿದೆಯೇ, ಇಲ್ಲದಿದ್ದರೆ ಏನು

ಒಂದು ದಿನ ಬಿಟ್ಟು ನೋಡಿ. ಉಗುರು ಊರಿದರೆ ಗುರುತು ಬೀಳಬಾರದು. ನಾಣ್ಯದಿಂದ ಬಡಿದರೆ ಟಣ್ ಎನ್ನಬೇಕು, ದಪ್ ಎನ್ನಬಾರದು. ಹತ್ತಿಗೆ ಅಸಿಟೋನ್ ಹಾಕಿ ಅರ್ಧ ನಿಮಿಷ ಉಜ್ಜಿ. ಮೇಣದ ಪೊರೆ ಹೋದ ಮೇಲೂ ಮೇಲ್ಮೈ ಮೆತ್ತಗಾಗಿ ಅಂಟಿದರೆ ಬಲಿತಿಲ್ಲ.

ಮೇಲೆ ಮಾತ್ರ ಅಂಟು, ಒಳಗೆ ಗಟ್ಟಿ ಇದ್ದರೆ ಅಸಿಟೋನ್‌ನಿಂದ ಒರೆಸಿ, ತಿಕ್ಕಿ, ವ್ಯಾಕ್ಸ್ ಕೋಟ್ ಕೊಡಿ. ಇಡೀ ಪದರ ಚರ್ಮದಂತೆ ಬಾಗುತ್ತಿದ್ದು, ಹಾರ್ಡನರ್ ಹಾಕಿದ್ದು ಖಾತ್ರಿ ಇದ್ದರೆ, ಬಿಸಿ ಕೊಟ್ಟು ನೋಡಿ. ಕರಿ ಪ್ಲಾಸ್ಟಿಕ್ ಹಾಳೆ ಮುಚ್ಚಿ ಎರಡು ಮೂರು ದಿನ ಮಾಳಿಗೆಯ ಬಿಸಿಲಿಗಿಟ್ಟರೆ ಬಹಳಷ್ಟು ಸಲ ಸರಿಹೋಗುತ್ತದೆ. ಅಲ್ಲಲ್ಲಿ ಗುಲಾಬಿ ಛಾಯೆಯ ಮೆತ್ತನೆ ತೇಪೆ ಉಳಿದಿದ್ದರೆ ಅಲ್ಲಿಗೆ ಹಾರ್ಡನರ್ ತಲುಪಿಯೇ ಇಲ್ಲ, ಕಾದು ಫಲವಿಲ್ಲ. ಕೆರೆದು, ಅಸಿಟೋನ್‌ನಿಂದ ಒರೆಸಿ, ಹೊಸ ಚಾಪೆ ಹಾಕಿ. ಅದರ ಮೇಲೆ ಬರಿಯ ಎಂಇಕೆಪಿ ಬಳಿಯುವ ಉಪಾಯವನ್ನು ಯಾರಾದರೂ ಹೇಳಿದರೆ ಕಿವಿಗೊಡಬೇಡಿ. ಅದು ಒಳಗಿಳಿಯುವುದಿಲ್ಲ, ಅಪಾಯ ಬೇರೆ.

ಸೀಳಿದ್ದರೆ ಕಾರಣ ಬಿಸಿ: ಹಾರ್ಡನರ್ ಹೆಚ್ಚು, ಇಲ್ಲವೇ ಮೂಲೆಯಲ್ಲಿ ನಿಂತ ಚಾಪೆಯಿಲ್ಲದ ದಪ್ಪ ರೆಸಿನ್. ಸೀಳನ್ನು ಇಂಗ್ಲಿಷಿನ ‘ವಿ’ ಆಕಾರದಲ್ಲಿ ಅಗಲಿಸಿ, ಚಾಪೆಯ ಚೂರು ತುಂಬಿ ಮುಚ್ಚಿ.

ಇದೆಲ್ಲ ಪಾಲಿಯೆಸ್ಟರ್ ಮಾತು. ಎಪಾಕ್ಸಿಯ ನಿಯಮ ಬೇರೆ: ಅಲ್ಲಿ ಹಾರ್ಡನರ್ ಪ್ರಮಾಣ ಹವೆ ನೋಡಿ ಬದಲಿಸುವಂತಿಲ್ಲ, ಡಬ್ಬಿಯ ಮೇಲೆ ಬರೆದದ್ದೇ ಕೊನೆ. ಹಳೆ ಎಪಾಕ್ಸಿ ತೇಪೆಯ ಮೇಲೆ ಪಾಲಿಯೆಸ್ಟರ್ ಸರಿಯಾಗಿ ಹಿಡಿಯುವುದಿಲ್ಲವಾದ್ದರಿಂದ ಎಂ-ಸೀಲ್ ಮೆತ್ತಿದ್ದಿದ್ದರೆ ಅದನ್ನೂ ಕಿತ್ತು ತೆಗೆಯಿರಿ.

ಗಟ್ಟಿಯಾದ ಕೂಡಲೇ ನೀರು ತುಂಬಬೇಡಿ. ಒಂದು ದಿನ ನೆರಳಲ್ಲಿಟ್ಟು, ಆಮೇಲೆ ಮೂರು ನಾಲ್ಕು ದಿನ ಮಾಳಿಗೆಯ ಮೇಲೆ ಬಿಡಿ. 40 ಡಿಗ್ರಿಯಲ್ಲಿ 16 ಗಂಟೆ ಇಟ್ಟು ಬಲಿಸುವುದು ಈ ಕಸುಬಿನಲ್ಲಿ ರೂಢಿ. ಅದಕ್ಕಾಗಿ ಬೇರೆಡೆ ಹೀಟರ್ ಹಚ್ಚುತ್ತಾರೆ, ನಮಗೆ ಆ ತಾಪ ಬಿಟ್ಟಿ ಸಿಗುತ್ತದೆ. ಹಸಿ ಇರುವಾಗ ವೈರಿಯಾಗಿದ್ದ ಬಿಸಿಲು ಈಗ ಬೇಕು. ಸ್ಟೈರೀನ್ ವಾಸನೆ ಪೂರ್ತಿ ಹೋದ ಮೇಲೆ ಎರಡು ಸಲ ನೀರು ತುಂಬಿ ಚೆಲ್ಲಿ, ಆಮೇಲೆ ಪಂಪ್ ಕೂರಿಸಿ.

ಉಳಿದ ಎಂಇಕೆಪಿಯನ್ನು ತಂದ ಪ್ಲಾಸ್ಟಿಕ್ ಬಾಟಲಿಯಲ್ಲೇ, ಕೋಬಾಲ್ಟ್‌ನಿಂದ ದೂರ, ಮಕ್ಕಳ ಕೈಗೆಟುಕದ ತಣ್ಣನೆಯ ಕತ್ತಲಲ್ಲಿ ಇಡಿ. ಕಬ್ಬಿಣದ ಡಬ್ಬಿ ಬೇಡ, ತಿನಿಸು ಇಡುವ ಫ್ರಿಜ್ಜೂ ಬೇಡ. ಮುಂದಿನ ವರ್ಷ ಅದನ್ನೇ ಬಳಸುವ ಯೋಚನೆ ಇದ್ದರೆ ಮತ್ತೆ 50 ಗ್ರಾಂ ಕಪ್‌ನಿಂದಲೇ ಶುರು ಮಾಡಿ.